ಇಪ್ಪತ್ತನೆಯ ಗುಂಡಿನವರೆಗೆ

ಚೀಟಿಯಮ್ಮ ಅನ್ನುವುದು ಅವರ ಹೆಸರಲ್ಲ, ಅವರು ಬರೆಯುತ್ತಿದ್ದ ಚೀಟಿಗಳಿಂದ ಬಂದದ್ದು. ನಮ್ಮ ಕಾರ್ಖಾನೆಯಲ್ಲಿ ತಯಾರಾದ ಯಾವ ರೈಫಲ್ಲೂ ಅವರ ಕೈ ದಾಟದೆ ಪ್ಯಾಕಿಂಗ್ ವಿಭಾಗಕ್ಕೆ ಬರುತ್ತಿರಲಿಲ್ಲ. ಪ್ಯಾಕಿಂಗ್ ಅಂದರೆ ನಾನು ಮತ್ತು ಇನ್ನಿಬ್ಬರು. ರೈಫಲ್ಲಿಗೆ ಎಣ್ಣೆ ಸವರಿ, ಮೇಣದ ಕಾಗದ ಸುತ್ತಿ, ಪೆಟ್ಟಿಗೆಯಲ್ಲಿ ಮಲಗಿಸುವ ಮೊದಲು ಟ್ರಿಗರಿನ ಬಳೆಗೆ ದಾರದಲ್ಲಿ ಕಟ್ಟಿದ ಹಳದಿ ಚೀಟಿಯನ್ನು ಓದುವುದು ನನ್ನ ಕೆಲಸ. ‘ಸರಿ’ ಎಂದಿದ್ದರೆ ಪೆಟ್ಟಿಗೆಗೆ, ಬೇರೇನಾದರೂ ಇದ್ದರೆ ಬಂದ ದಾರಿಗೆ. ಬೇರೇನಿದ್ದರೂ ಅದು ಒಂದು ಸಾಲು ಮೀರುತ್ತಿರಲಿಲ್ಲ. ‘ಬಲಕ್ಕೆ ಎಳೆಯುತ್ತದೆ.’ ‘ಟ್ರಿಗರ್ ಜಿಪುಣ.’ ‘ಬೋಲ್ಟ್ ಮುಚ್ಚುವಾಗ ಗೊಣಗುತ್ತದೆ.’ ಬೋಲ್ಟ್ ಅಂದರೆ ನಳಿಗೆಯ ಹಿಂಬಾಗಿಲು. ಹಿಡಿ ಎತ್ತಿ ಹಿಂದಕ್ಕೆಳೆದರೆ ಖಾಲಿ ತೋಟಾ ಹೊರಗೆ ಹಾರುತ್ತದೆ, ಮುಂದಕ್ಕೆ ನೂಕಿ ಕೆಳಗೆ ಮಡಚಿದರೆ ಹೊಸದು ಒಳಗೆ ಕೂರುತ್ತದೆ. ಲೇತ್ ವಿಭಾಗದವರು ಈ ಚೀಟಿಗಳನ್ನು ನೋಡಿ ಮೊದಮೊದಲು ನಗುತ್ತಿದ್ದರು. ರೈಫಲ್ ಬಿಚ್ಚಿ ನೋಡಿದ ಮೇಲೆ ನಗುತ್ತಿರಲಿಲ್ಲ.

ಅವರು ಕೆಲಸ ಮಾಡುತ್ತಿದ್ದದ್ದು ಕಾರ್ಖಾನೆಯ ಹಿಂದಿನ ಸುರಂಗದಲ್ಲಿ. ಅರ್ಧ ನೆಲದೊಳಗೆ ಹುಗಿದ, ನೂರು ಮೀಟರ್ ಉದ್ದದ ಕಟ್ಟಡ ಅದು. ಕಿಟಕಿಗಳಿಲ್ಲ. ಸದ್ದು ಹೀರಲೆಂದು ಗೋಡೆಗಳಿಗೆ ಹಳೆಯ ಹಲಗೆ, ಹಲಗೆಯ ಮೇಲೆ ಗೋಣಿಪಟ್ಟೆ. ಈ ತುದಿಯಲ್ಲಿ ಒಂದು ಭಾರಿ ಮೇಜು, ಮರಳಿನ ಚೀಲ, ಸ್ಟೂಲು. ಆ ತುದಿಯಲ್ಲಿ ದೀಪದ ಕೆಳಗೆ ಗುರಿಕಾಗದ, ಅದರ ಹಿಂದೆ ಮರಳಿನ ಗುಡ್ಡೆ. ಒಂದು ರೈಫಲ್ಲಿಗೆ ಐದು ಗುಂಡು, ಇದು ನಿಯಮ. ಐದು ತೂತುಗಳ ನಡುವಿನ ಅಂತರವನ್ನು ಅಳೆದು ಚೀಟಿ ಬರೆಯಬೇಕು.

ಆ ಕೆಲಸಕ್ಕೆ ಅವರನ್ನು ಯಾರೂ ಆರಿಸಿರಲಿಲ್ಲ. ಇಪ್ಪತ್ತಾರನೆಯ ವಯಸ್ಸಿನವರೆಗೆ ಅವರು ನಮ್ಮ ಪ್ಯಾಕಿಂಗಿನಲ್ಲೇ ಮೇಣದ ಕಾಗದ ಕತ್ತರಿಸುತ್ತಿದ್ದರು. ಸುರಂಗದಲ್ಲಿ ಗುರಿಕಾಗದ ಬದಲಿಸಲು ಜನ ಬೇಕೆಂದಾಗ, ಆ ಸದ್ದಿಗೆ ಹೆದರಿ ಯಾರೂ ಒಪ್ಪದೆ, ಕೊನೆಗೆ ಇವರು ಹೋದರು. ಆಗ ಪರೀಕ್ಷೆ ಮಾಡುತ್ತಿದ್ದವರು ಒಬ್ಬ ವಯಸ್ಸಾದ ಗುರಿಕಾರರು. ಒಂದು ಕಾಯಿಲೆಯ ನಂತರ ಅವರ ಕೈ ನಡುಗತೊಡಗಿತ್ತು. ಹೇಳಿದರೆ ಕೆಲಸ ಹೋಗುತ್ತದೆ. ಹಾಗಾಗಿ ಬಾಗಿಲು ಮುಚ್ಚಿಕೊಂಡು ಗುಂಡು ಹಾರಿಸುವುದನ್ನು ಇವರಿಗೆ ಕಲಿಸಿ, ಚೀಟಿಗೆ ತಾವು ಸಹಿ ಹಾಕುತ್ತಿದ್ದರು. ಏಳು ತಿಂಗಳು ಹೀಗೆ ನಡೆಯಿತು. ಮುದುಕರ ಆರೋಗ್ಯ ಕೆಡುತ್ತಾ ಹೋದಂತೆ ಗುರಿ ಮಾತ್ರ ಸುಧಾರಿಸುತ್ತಾ ಹೋಗುತ್ತಿದೆ ಎಂಬುದು ಫೋರ್‌ಮನ್‌ಗೆ ವಿಚಿತ್ರ ಅನಿಸಿ ಒಂದು ದಿನ ಬಾಗಿಲು ತಳ್ಳಿ ಒಳಗೆ ಹೋದರು. ಮುದುಕರು ಸ್ಟೂಲಿನ ಮೇಲೆ ಪತ್ರಿಕೆ ಓದುತ್ತಿದ್ದರು. ಮೇಜಿನ ಹಿಂದೆ ಇವರಿದ್ದರು. ದೊಡ್ಡ ಗದ್ದಲವಾಯಿತು, ಆಮೇಲೆ ಗುರಿಕಾಗದಗಳನ್ನು ನೋಡಿದರು, ಗದ್ದಲ ನಿಂತಿತು. ಮುದುಕರಿಗೆ ಪಿಂಚಣಿ, ಇವರಿಗೆ ಸ್ಟೂಲು.

ಮದುವೆಯಾದದ್ದೂ ಚೀಟಿಯ ದೆಸೆಯಿಂದಲೇ. ಮರದ ವಿಭಾಗದಲ್ಲಿ ಒಬ್ಬ ಬಡಗಿ ಇದ್ದರು. ರೈಫಲ್ಲಿನ ಕಟ್ಟಿಗೆಯನ್ನು, ಅಂದರೆ ಹೆಗಲಿಗೆ ಒರಗುವ ಹಿಂಭಾಗದಿಂದ ನಳಿಗೆಯನ್ನು ಹೊರುವ ಮುಂಭಾಗದವರೆಗಿನ ಇಡೀ ಮರವನ್ನು, ಕಡೆದು ಕೂರಿಸುವವರು. ಅವರ ಮೂರು ರೈಫಲ್ಲುಗಳು ‘ಹೆಗಲಿಗೆ ಉದ್ದ’ ಎಂಬ ಚೀಟಿ ಹೊತ್ತು ವಾಪಸಾದವು. ನಾಲ್ಕನೆಯದಕ್ಕೆ ಅವರು ಅಳತೆಪಟ್ಟಿ ಹಿಡಿದು ನೇರ ಸುರಂಗಕ್ಕೆ ನುಗ್ಗಿದರು. “ಕಟ್ಟಿಗೆ ಉದ್ದ ಅಲ್ಲ, ನಿಮ್ಮ ತೋಳು ಗಿಡ್ಡ,” ಅಂದರು. “ತೋಳು ಅಳೀರಿ ಹಾಗಾದ್ರೆ,” ಅಂದರು ಇವರು. ಅಳೆದರು. ಆಮೇಲಿನ ವರ್ಷ ಮದುವೆಯಾಯಿತು. ತೋಳಿನ ಅಳತೆ ಎಷ್ಟು ಬಂತೆಂದು ಇಬ್ಬರೂ ಯಾರಿಗೂ ಹೇಳಲಿಲ್ಲ.

ಮನೆ ಕಾರ್ಖಾನೆಯ ಹಿಂದಿನ ಬೀದಿಯಲ್ಲಿ, ಮಹಡಿಯ ಮೇಲೆ ಎರಡು ಕೋಣೆ. ಮಕ್ಕಳಾಗಲಿಲ್ಲ. ಬಡಗಿಯ ತಾಯಿ ಜೊತೆಗಿದ್ದರು. ಸೊಸೆ ಬೆಳಿಗ್ಗೆ ಟೀ ಕುಡಿಯುವುದಿಲ್ಲ, ಮೆಟ್ಟಿಲನ್ನು ಓಡಿ ಹತ್ತುವುದಿಲ್ಲ, ಕೂಗಿ ಜಗಳವಾಡುವುದಿಲ್ಲ ಎಂಬುದು ಅತ್ತೆಗೆ ಮೊದಲು ಮೆಚ್ಚುಗೆಯಾಗಿತ್ತು. ಇದೆಲ್ಲ ಕೈ ನಡುಗಬಾರದೆಂದು ಮಾಡುವ ಪಥ್ಯ ಅಂತ ಗೊತ್ತಾದ ಮೇಲೆ, “ನನ್ನ ಮೇಲಿನ ಗೌರವ ಅಂದ್ಕೊಂಡಿದ್ದೆ, ಬಂದೂಕಿನ ಮೇಲಿನದ್ದಂತೆ,” ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದರು.

ನಾನು ಹೇಳಬೇಕೆಂದಿರುವುದು ಅವರಿಗೆ ಐವತ್ತೊಂದು ವಯಸ್ಸಾದಾಗ ನಡೆದದ್ದು.

ಆ ವರ್ಷ ಅರಣ್ಯದ ಕಾವಲುಗಾರರಿಗಾಗಿ ಆರುನೂರು ರೈಫಲ್ಲುಗಳ ಬೇಡಿಕೆ ಬಂತು. ಹಳೆಯ ಮಾದರಿ ಆಗದು, ಹಗುರವಾಗಿರಬೇಕು, ಮಳೆ ಚಳಿ ತಡೆಯಬೇಕು ಅಂದರು. ವಿನ್ಯಾಸದ ಕೋಣೆಯ ಎಂಜಿನಿಯರ್ ಎರಡು ವರ್ಷ ತಲೆ ಕೆಡಿಸಿಕೊಂಡು ಒಂದು ಹೊಸ ಬೋಲ್ಟ್ ರೈಫಲ್ ಮಾಡಿದರು. ತೆಳ್ಳಗೆ, ಉದ್ದಕ್ಕೆ, ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್ ಇಟ್ಟುಕೊಳ್ಳುವ ಆ ಎಂಜಿನಿಯರನ್ನು ಎಲ್ಲರೂ ಪೆನ್ಸಿಲ್ ಅಂತಲೇ ಕರೆಯುತ್ತಿದ್ದೆವು. ಮೊದಲು ಹತ್ತು ಮಾದರಿಗಳು ಆಗಬೇಕಿತ್ತು. ಹತ್ತಕ್ಕೂ ಕಟ್ಟಿಗೆ ಕೂರಿಸುವ ಕೆಲಸ ಚೀಟಿಯಮ್ಮನ ಗಂಡನಿಗೇ ಬಂತು.

ಬಡಗಿ ಆ ಎರಡು ತಿಂಗಳು ಬೇರೆ ಮನುಷ್ಯನಂತೆ ಇದ್ದರು. ಮರವನ್ನು ತಾವೇ ಆರಿಸಿದರು. ನಳಿಗೆ ಕೂರುವ ಕಾಲುವೆಯನ್ನು ಉಳಿಯಿಂದ ಒಂದೊಂದು ಕೂದಲೆಳೆಯಷ್ಟೇ ಕೆತ್ತಿದರು. ನಳಿಗೆಗೆ ಮಸಿ ಬಳಿದು ಇಡುವುದು, ಎತ್ತುವುದು, ಮಸಿ ಹತ್ತಿದ ಕಡೆ ಮಾತ್ರ ಹೆರೆಯುವುದು, ಮತ್ತೆ ಇಡುವುದು. ಕೊನೆಗೆ ಮರ ಎಲ್ಲಿ ಮುಗಿಯಿತು, ಕಬ್ಬಿಣ ಎಲ್ಲಿ ಶುರುವಾಯಿತು ಎಂದು ಬೆರಳಿಗೆ ಗೊತ್ತಾಗುತ್ತಿರಲಿಲ್ಲ. ಸಿಗರೇಟಿನ ಬೆಳ್ಳಿಕಾಗದವೂ ನಡುವೆ ನುಸುಳುತ್ತಿರಲಿಲ್ಲ. ಮೇನೇಜರ್ ಸಾಹೇಬರು ಬೇರೆ ವಿಭಾಗದವರನ್ನೆಲ್ಲ ಕರೆದು ತೋರಿಸಿದರು. ಇಪ್ಪತ್ತೇಳು ವರ್ಷದ ನೌಕರಿಯಲ್ಲಿ ಬಡಗಿಯ ಕೆಲಸವನ್ನು ಸಾಹೇಬರು ಕೈಯಲ್ಲಿ ಹಿಡಿದು ನೋಡಿದ್ದು ಅದೇ ಮೊದಲು.

ಹತ್ತೂ ರೈಫಲ್ಲುಗಳು ಒಂದು ಸೋಮವಾರ ಸುರಂಗಕ್ಕೆ ಹೋದವು. ಶುಕ್ರವಾರದೊಳಗೆ ಚೀಟಿ ಆಗಬೇಕು, ಅದರ ಮುಂದಿನ ವಾರ ಕಾವಲುಗಾರರ ಮುಖ್ಯಸ್ಥರು ನೋಡಲು ಬರುತ್ತಾರೆ ಎಂದಿತ್ತು.

ಮೊದಲ ದಿನ ಚೀಟಿಯಮ್ಮ ಒಂದು ಗುಂಡನ್ನೂ ಹಾರಿಸಲಿಲ್ಲ. ಖಾಲಿ ರೈಫಲ್ ಹಿಡಿದು ಎತ್ತಿದರು, ಇಳಿಸಿದರು, ಮಂಡಿಯೂರಿದರು, ನೆಲದ ಮೇಲೆ ಮಲಗಿದರು. ಉಣ್ಣೆಯ ಕೈಗವಸು ಹಾಕಿಕೊಂಡು ಬೋಲ್ಟ್ ಎಳೆದರು, ಗವಸನ್ನು ನೀರಿನಲ್ಲಿ ಅದ್ದಿ ಮತ್ತೆ ಎಳೆದರು. ಪೆನ್ಸಿಲ್ ಪಕ್ಕದಲ್ಲಿ ನಿಂತು ಬರೆದುಕೊಳ್ಳುತ್ತಿದ್ದರು.

“ಬೋಲ್ಟಿನ ಹಿಡಿಯ ಗುಂಡಿ ಚಿಕ್ಕದಾಯ್ತು ಸಾರ್. ಒದ್ದೆ ಕೈಗೆ ಜಾರುತ್ತೆ.”

“ಎಷ್ಟು ದೊಡ್ಡದಿರಬೇಕು?”

“ನನ್ನ ಹೆಬ್ಬೆರಳಿನ ತುದಿಯಷ್ಟು. ಇನ್ನು ಈ ಸುರಕ್ಷೆಯ ಕೀಲಿ, ಕೇಳಿ.” ಟ್ರಿಗರನ್ನು ತಡೆಹಿಡಿಯುವ ಆ ಕೀಲಿಯನ್ನು ಟಕ್ ಎಂದು ಸರಿಸಿದರು. “ಕಾಡಲ್ಲಿ ಇಷ್ಟು ಸದ್ದು ಮಾಡಿದ್ರೆ ಎದುರಿಗಿರೋ ಪ್ರಾಣಿಗೆ ನಾವೇ ಹೇಳಿ ಕಳಿಸಿದ ಹಾಗೆ.”

“ಮತ್ತೆ?”

“ಮತ್ತೆ ಏನಿಲ್ಲ. ತೂಕ ಚೆನ್ನಾಗಿ ಹಂಚಿದ್ದೀರಿ. ಎತ್ತಿದ ತಕ್ಷಣ ತಾನೇ ಹೋಗಿ ಗುರಿ ಮೇಲೆ ಕೂರುತ್ತೆ. ಇದು ಹೊಗಳಿಕೆ ಅಲ್ಲ, ಬರ್ಕೊಳ್ಳಿ.”

ಪೆನ್ಸಿಲ್ ಬರೆದುಕೊಂಡರು. ಸಂತೋಷವಾಗಿತ್ತು ಎಂದು ಅವರೇ ಆಮೇಲೆ ಹೇಳಿದರು.

ಮಂಗಳವಾರ ಗುಂಡು. ಮೊದಲ ರೈಫಲ್, ಐದು ಗುಂಡು, ಐದೂ ತೂತನ್ನು ಒಂದು ನಾಣ್ಯದಿಂದ ಮುಚ್ಚಬಹುದು. ಎರಡನೆಯದೂ ಹಾಗೆಯೇ. ಹತ್ತೂ ಹಾಗೆಯೇ. ಮಧ್ಯಾಹ್ನದ ಹೊತ್ತಿಗೆ ಇಡೀ ಕಾರ್ಖಾನೆಗೆ ಸುದ್ದಿ ಹಬ್ಬಿತು. ಊಟದ ಕೋಣೆಯಲ್ಲಿ ಬಡಗಿಯ ಬೆನ್ನು ತಟ್ಟಿದವರಲ್ಲಿ ನಾನೂ ಒಬ್ಬ. ಅವರು ಮುಖ ಗಂಭೀರ ಮಾಡಿಕೊಳ್ಳಲು ನೋಡಿದರು, ಆಗಲಿಲ್ಲ.

ಚೀಟಿಯಮ್ಮ ಮಾತ್ರ ಊಟಕ್ಕೆ ಬರಲಿಲ್ಲ. ನಿಯಮ ಐದೇ ಆದರೂ ಹೊಸ ಮಾದರಿ ಬಂದಾಗ ಒಂದನ್ನು ಆರಿಸಿ ಇಪ್ಪತ್ತು ಗುಂಡು ಹಾರಿಸುವುದು ಅವರ ಸ್ವಂತ ರೂಢಿ. ಹಳೆಯ ಗುರಿಕಾರರು ಹೇಳಿಕೊಟ್ಟದ್ದು ಅದು. ಮೂರನೆಯ ರೈಫಲ್ ತೆಗೆದುಕೊಂಡು ಬಿಡುವಿಲ್ಲದೆ ಹಾರಿಸತೊಡಗಿದರು. ಏಳನೆಯ ಗುಂಡಿನವರೆಗೆ ನಾಣ್ಯದೊಳಗೇ ಇತ್ತು. ಎಂಟನೆಯದು ಅಂಚಿಗೆ ಬಂತು. ಅಲ್ಲಿಂದ ಒಂದೊಂದೂ ಎಡಕ್ಕೆ, ಮೇಲಕ್ಕೆ, ಮೆಟ್ಟಿಲು ಹತ್ತಿದಂತೆ ಹತ್ತಿಕೊಂಡು ಹೋಗಿ ಇಪ್ಪತ್ತನೆಯದು ನಾಲ್ಕು ಬೆರಳು ದೂರದಲ್ಲಿ ಬಿತ್ತು.

ಅವರು ಕಿವಿಯ ಮುಚ್ಚಳ ತೆಗೆದಿಟ್ಟರು. ಮೊದಲು ಬಂದ ಯೋಚನೆ ರೈಫಲ್ಲಿನದಲ್ಲ. ಹಿಂದಿನ ಚಳಿಗಾಲದಿಂದ ಪತ್ರಿಕೆ ಓದಲು ಕನ್ನಡಕ ಬೇಕಾಗಿತ್ತು. ದೂರದ್ದು ಚೆನ್ನಾಗಿ ಕಾಣುತ್ತಿತ್ತು, ಆದರೆ ಎಷ್ಟು ದಿನ? ಕೈ ನಡುಗುವ ಮುದುಕರ ಪಕ್ಕದಲ್ಲಿ ಏಳು ತಿಂಗಳು ನಿಂತವರು ಅವರು. ಇಂಥದ್ದು ಮೊದಲು ಗೊತ್ತಾಗುವುದು ಕಾಗದಕ್ಕೆ, ಆಮೇಲೆ ಮನುಷ್ಯನಿಗೆ ಎಂಬುದನ್ನು ಕಣ್ಣಾರೆ ಕಂಡಿದ್ದರು.

ಸುರಂಗದ ಬೀರುವಿನಲ್ಲಿ ಒಂದು ಹಳೆಯ ರೈಫಲ್ ಇತ್ತು. ಮಾರಾಟಕ್ಕಲ್ಲ, ಪರೀಕ್ಷಕರು ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳಲು ಇಟ್ಟದ್ದು. ಅದಕ್ಕೆ ಅಜ್ಜ ಅಂತ ಹೆಸರು. ಭಾರ, ಒರಟು, ಆದರೆ ಎಷ್ಟು ಹಾರಿಸಿದರೂ ಜಾಗ ಬಿಡುವುದಿಲ್ಲ. ಅದನ್ನು ತೆಗೆದು ಇಪ್ಪತ್ತು ಗುಂಡು ಹಾರಿಸಿದರು. ನಡೆದು ಹೋಗಿ ಕಾಗದ ತಂದು ಮೇಜಿನ ಮೇಲಿಟ್ಟು ನಾಣ್ಯ ಹಾಕಿದರು. ಇಪ್ಪತ್ತು ತೂತೂ ಅದರ ಅಡಿಯಲ್ಲಿ ಮುಚ್ಚಿಹೋದವು.

“ಆಗ ಒಂದು ನಿಮಿಷ ಖುಷಿಯಾಯ್ತು,” ಎಂದು ಅವರು ಮುಂದೆ ನನಗೆ ಹೇಳಿದರು. “ಒಂದೇ ನಿಮಿಷ. ನನ್ನ ಕಣ್ಣಲ್ಲ ಅಂದ್ರೆ ಇನ್ಯಾರದ್ದು ಅಂತ ಯೋಚನೆ ಬಂತಲ್ಲ.”

ಹೊಸ ರೈಫಲ್ಲಿನ ನಳಿಗೆ ಮುಟ್ಟಲಾಗದಷ್ಟು ಕಾದಿತ್ತು. ಕಾದ ಕಬ್ಬಿಣ ಹಿಗ್ಗುತ್ತದೆ, ಹಿಗ್ಗಲು ಜಾಗ ಬೇಕು. ಅವರು ಒಂದು ಗುರಿಕಾಗದದ ಅಂಚನ್ನು ಹರಿದು ನಳಿಗೆಗೂ ಮರಕ್ಕೂ ನಡುವೆ ತೂರಿಸಲು ನೋಡಿದರು. ಹೋಗಲಿಲ್ಲ. ಎಲ್ಲೂ ಹೋಗಲಿಲ್ಲ. ಅಷ್ಟಕ್ಕೇ ಬಿಡದೆ ಇನ್ನೊಂದು ರೈಫಲ್ಲಿನ ಮುಂಭಾಗಕ್ಕೆ ಒದ್ದೆ ಗೋಣಿ ಸುತ್ತಿ ಮರುದಿನದವರೆಗೆ ಇಟ್ಟರು. ಬುಧವಾರ ಬೆಳಿಗ್ಗೆ ಅದರ ಮೊದಲ ಗುಂಡೇ ಒಂದು ಗೇಣು ಎಡಕ್ಕೆ ಹೋಗಿತ್ತು. ಮರ ನೀರು ಕುಡಿದು ಉಬ್ಬಿ ನಳಿಗೆಯನ್ನು ಪಕ್ಕಕ್ಕೆ ತಳ್ಳುತ್ತಿತ್ತು.

ಐದು ಗುಂಡಿನ ಚೀಟಿ ಬರೆದುಕೊಟ್ಟಿದ್ದರೆ ಅದರಲ್ಲಿ ಒಂದಕ್ಷರ ಸುಳ್ಳಿರುತ್ತಿರಲಿಲ್ಲ. ಇದು ಅವರಿಗೂ ಗೊತ್ತಿತ್ತು.

ಬುಧವಾರ ಸಂಜೆ ಮನೆಯಲ್ಲಿ ಹೇಳಿದರು. ಬಡಗಿ ಕಿಟಕಿಯ ಬಳಿ ಉಳಿ ಮಸೆಯುತ್ತಿದ್ದರು. ಅತ್ತೆ ಮೂಲೆಯಲ್ಲಿ ಕೂತು ತರಕಾರಿ ಹೆಚ್ಚುತ್ತಿದ್ದರು.

“ಏನ್ರೀ, ಆ ಕಟ್ಟಿಗೆ ವಿಷಯ ಒಂದು ಮಾತು.”

“ಹೇಳು. ಸಾಹೇಬ್ರು ಇವತ್ತೂ ಬಂದಿದ್ರು ನೋಡೋಕೆ.”

“ಕಾದ ಮೇಲೆ ಗುಂಡು ಜಾಗ ಬಿಡ್ತಿದೆ. ಒದ್ದೆಯಾದ್ರೆ ಇನ್ನೂ ಜಾಸ್ತಿ. ಮರ ನಳಿಗೆನ ಒತ್ತುತ್ತಿದೆ.”

ಉಳಿ ನಿಂತಿತು. “ಒತ್ತೋದಾ? ನಾನು ಕೂರಿಸಿದ್ರಲ್ಲಿ ಗಾಳಿ ನುಗ್ಗೋಕೂ ಜಾಗ ಇಲ್ಲ.”

“ಅದೇ ತೊಂದರೆ.”

“ಏನಂದೆ?”

“ಜಾಗ ಇಲ್ದೆ ಇರೋದೇ ತೊಂದರೆ ಅಂದೆ.”

ಬಡಗಿ ಎದ್ದು ಉಳಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟರು. “ಎರಡು ತಿಂಗಳು ಕಣ್ಣಲ್ಲಿ ಕಣ್ಣಿಟ್ಟು ಮಾಡಿದ್ದೀನಿ. ಕೆಲಸ ಕೆಟ್ಟದಾಗಿದೆ ಅಂತ ಹೇಳು, ಕೇಳ್ತೀನಿ. ಕೆಲಸ ಚೆನ್ನಾಗಿರೋದೇ ತಪ್ಪು ಅಂತ ಹೇಳ್ತಿದ್ದೀಯಲ್ಲ, ಇದನ್ನ ಎಲ್ಲಿಗೆ ಹೋಗಿ ಹೇಳಲಿ? ನಿಂಗೆ ವಯಸ್ಸಾಯ್ತು. ಕಣ್ಣು ತೋರಿಸ್ಕೋ ಹೋಗು.”

“ತೋರಿಸ್ಕೊಂಡೆ. ಅಜ್ಜನಿಗೆ.”

ಆಮೇಲೆ ಬಡಗಿ ಹೆಂಡತಿಯ ಜೊತೆ ಮಾತು ಬಿಟ್ಟರು. ಮಾತು ಬಿಟ್ಟರೂ ಒಂದೇ ಮನೆ, ಒಂದೇ ಕೀಲಿಕೈ, ಒಂದೇ ಸೋಪು. ಹೇಳುವುದನ್ನೆಲ್ಲ ತಾಯಿಯ ಮೂಲಕ ಹೇಳತೊಡಗಿದರು. ತಾಯಿಗೆ ಎಪ್ಪತ್ತೆಂಟು ವರ್ಷ. ತಂದ ಮಾತನ್ನು ತಂದ ಹಾಗೆ ಮುಟ್ಟಿಸುವ ಅಭ್ಯಾಸ ಅವರಿಗೆ ಯಾವತ್ತೂ ಇರಲಿಲ್ಲ.

“ಏನಮ್ಮಾ, ನಿನ್ನ ಗಂಡ ಸೋಪು ಎಲ್ಲಿ ಅಂತ ಕೇಳ್ತಾನೆ. ಅವನ ಮೂಗಿನ ಕೆಳಗೇ ಇದೆ, ಆ ಮೂಗು ಊದಿರೋದ್ರಿಂದ ಕಾಣಿಸ್ತಿಲ್ಲ. ಇಷ್ಟು ನಾನು ಸೇರಿಸಿದ್ದು.”

ಗುರುವಾರ ಚೀಟಿಯಮ್ಮ ಮೇನೇಜರ್ ಸಾಹೇಬರ ಕೋಣೆಗೆ ಎರಡು ಗುರಿಕಾಗದ ಹಿಡಿದು ಹೋದರು. ಪೆನ್ಸಿಲ್ಲೂ ಅಲ್ಲಿದ್ದರು.

ಸಾಹೇಬರು ಕಾಗದ ನೋಡಿ ಕನ್ನಡಕ ತೆಗೆದರು. “ನಿಯಮ ಎಷ್ಟಮ್ಮಾ?”

“ಐದು ಸಾರ್.”

“ಐದಕ್ಕೆ ಹೇಗಿದೆ?”

“ನಾಣ್ಯದೊಳಗೆ.”

“ಮತ್ತೆ ಇಪ್ಪತ್ತು ಹಾರಿಸು ಅಂತ ನಿಮಗೆ ಹೇಳಿದೋರು ಯಾರು? ಕಾವಲುಗಾರ ಒಂದೇ ಉಸಿರಿಗೆ ಇಪ್ಪತ್ತು ಗುಂಡು ಯಾವಾಗ ಹಾರಿಸ್ತಾನೆ?”

“ಕಾವಲುಗಾರ ಮಳೇಲಿ ನಿಲ್ತಾನೆ ಸಾರ್. ಒದ್ದೇದು ಮೊದಲ ಗುಂಡಿಗೇ ಹೋಗಿದೆ, ಈ ಕಾಗದ ನೋಡಿ. ಕಳ್ಳಬೇಟೆಯವನ ಕಾಲಿಗೆ ಅಂತ ಹೊಡೆದದ್ದು ಎಲ್ಲಿಗೆ ಬೀಳುತ್ತೋ.”

ಪೆನ್ಸಿಲ್ ತಮ್ಮ ಲೆಕ್ಕದ ಹಾಳೆಗಳನ್ನು ಬಿಡಿಸಿದರು. ಲೆಕ್ಕದ ಪ್ರಕಾರ ನಳಿಗೆ ಅಷ್ಟು ಅಲುಗುವಂತಿರಲಿಲ್ಲ. “ನಿಮ್ಮ ಕೈಯಲ್ಲೂ ಸ್ವಲ್ಪ ಇರಬಹುದು, ಅಲ್ವಾ ಮೇಡಂ?” ಅಂದರು, ಮೆಲ್ಲಗೆ.

“ಇರಬಹುದು,” ಅಂದರು ಚೀಟಿಯಮ್ಮ. “ನನ್ನ ಕೈಯನ್ನೂ ಸೇರಿಸಿ ಪರೀಕ್ಷೆ ಮಾಡಿ. ಆದ್ರೆ ಈ ಹತ್ತಕ್ಕೆ ನಾನು ಸರಿ ಅಂತ ಬರೆಯಲ್ಲ. ಬೇಕಾದ್ರೆ ಐದು ಗುಂಡಿನ ಅಂತರ ಬರೀತೀನಿ, ಕೆಳಗೆ ಇಪ್ಪತ್ತರದ್ದೂ ಬರೀತೀನಿ.”

“ಒಂದು ಸಾಲು ಮೀರಿ ಬರೆಯೋರಲ್ಲ ನೀವು,” ಅಂದರು ಸಾಹೇಬರು.

“ಈ ಸಲ ಎರಡು ಸಾಲು ಸಾರ್.”

ಸಾಹೇಬರು ಕೆಟ್ಟವರಲ್ಲ. ಹೆದರಿದ್ದರು, ಅಷ್ಟೆ. ಆರುನೂರು ರೈಫಲ್ಲಿನ ಬೇಡಿಕೆ ಕೈತಪ್ಪಿದರೆ ಅರ್ಧ ಕಾರ್ಖಾನೆಗೆ ಕೆಲಸವಿರುತ್ತಿರಲಿಲ್ಲ. ಸೋಮವಾರದವರೆಗೆ ಸಮಯ ಕೊಟ್ಟರು. ಅಷ್ಟರಲ್ಲಿ ತಪ್ಪು ಯಾರದ್ದೆಂದು ತೋರಿಸಬೇಕು, ಇಲ್ಲವಾದರೆ ಬೇರೆಯವರಿಂದ ಐದು ಗುಂಡು ಹಾರಿಸಿ ಚೀಟಿ ಬರೆಸುತ್ತೇನೆ ಅಂದರು.

ಶುಕ್ರವಾರ ಬೆಳಿಗ್ಗೆ ಮರದ ವಿಭಾಗಕ್ಕೆ ಈ ಸುದ್ದಿ ತಲುಪಿತು. ತಲುಪಿಸಿದ್ದು ನಾನೇ. ಹೆಂಡತಿ ಸಾಹೇಬರ ಮುಂದೆ ಮರದ ಹೆಸರನ್ನಾಗಲೀ ಬಡಗಿಯ ಹೆಸರನ್ನಾಗಲೀ ಎತ್ತಲಿಲ್ಲ, ತಮ್ಮ ಕೈಯನ್ನೂ ಸೇರಿಸಿ ಪರೀಕ್ಷಿಸಿ ಅಂದರು ಎಂದು ಹೇಳಿದೆ. ಬಡಗಿ ರಂದ ಹೊಡೆಯುತ್ತಲೇ ಇದ್ದರು. ಸಿಪ್ಪೆ ಸುರುಳಿಯಾಗಿ ಬೀಳುತ್ತಿತ್ತು. “ಅವಳ ಕೈಯಾ?” ಅಂದರು. ರಂದ ಇಟ್ಟು, ಏಪ್ರನ್ ಬಿಚ್ಚದೆಯೇ ಹೊರಟರು. ನಾನೂ ಹಿಂದೆ ಹೋದೆ. ತೋಳು ಅಳೆದ ದಿನದ ನಂತರ ಅವರು ಸುರಂಗದೊಳಗೆ ಕಾಲಿಟ್ಟಿರಲಿಲ್ಲ.

ಒಳಗೆ ಹೋದವರು ಹೆಂಡತಿಯತ್ತ ನೋಡದೆ ನನಗೆ ಹೇಳಿದರು: “ಕೈ ಬೇಡ ಅನ್ನು. ಇಕ್ಕಳಕ್ಕೆ ಕಟ್ಟಿ ಹೊಡೀಲಿ.”

ಚೀಟಿಯಮ್ಮ ನನಗೆ ಹೇಳಿದರು: “ಇಕ್ಕಳ ಇಲ್ಲ ಅನ್ನಿ. ಇದ್ದದ್ದು ಮುರಿದು ಎಂಟು ವರ್ಷ ಆಯ್ತು.”

ನಾನು ಗೋಡೆಯ ಕಡೆ ನೋಡುತ್ತಾ ನಿಂತೆ. ಎರಡು ಗಂಟೆಯೊಳಗೆ ಬಡಗಿ ಎರಡು ದಪ್ಪ ತೊಲೆ, ನಾಲ್ಕು ಕಬ್ಬಿಣದ ಪಟ್ಟಿ, ಮರದ ವಿಭಾಗದ ದೊಡ್ಡ ತಿರುಪಿನ ಇಕ್ಕಳ ತಂದು ಮೇಜಿಗೆ ಬಿಗಿದರು. ರೈಫಲ್ಲಿನ ಹಿಂಭಾಗವನ್ನು ಅದರಲ್ಲಿ ಹಿಡಿಸಿದರು. ಈಗ ಯಾರ ಕಣ್ಣೂ ಬೇಕಿರಲಿಲ್ಲ, ಯಾರ ಹೆಗಲೂ ಬೇಕಿರಲಿಲ್ಲ. ಬೋಲ್ಟ್ ಎಳೆಯುವುದು, ಟ್ರಿಗರಿಗೆ ಕಟ್ಟಿದ ದಾರ ಎಳೆಯುವುದು, ಇಷ್ಟೇ. ದಾರವನ್ನು ಬಡಗಿಯೇ ಎಳೆದರು. ಇಪ್ಪತ್ತು ಸಲ. ಪ್ರತಿ ಸಲವೂ ಅವರ ಹೆಗಲು ಬೆಚ್ಚುತ್ತಿತ್ತು.

ಕಾಗದ ತರಲು ಅವರೇ ನಡೆದು ಹೋದರು. ಆ ತುದಿಯ ದೀಪಕ್ಕೆ ಅದನ್ನು ಹಿಡಿದು ನೋಡಿದರು. ತೂತುಗಳು ಎಡಕ್ಕೆ, ಮೇಲಕ್ಕೆ, ಅದೇ ಮೆಟ್ಟಿಲು ಹತ್ತಿದ್ದವು.

ವಾಪಸು ಬಂದು, ನಳಿಗೆ ತಣ್ಣಗಾಗುವವರೆಗೆ ಕಾದು, ತಿರುಪು ಬಿಚ್ಚಿ ಕಟ್ಟಿಗೆಯನ್ನು ಬೇರೆ ಮಾಡಿದರು. ಕಾಲುವೆಯ ಬಲಗಡೆ, ತುದಿಯ ಹತ್ತಿರ, ಒಂದು ಅಂಗುಲ ಉದ್ದಕ್ಕೆ ಮರ ಕನ್ನಡಿಯಂತೆ ಹೊಳೆಯುತ್ತಿತ್ತು. ಕಾದ ನಳಿಗೆ ತಿಕ್ಕಿ ಮಾಡಿದ ಗುರುತು. ಬಡಗಿ ಅದರ ಮೇಲೆ ಹೆಬ್ಬೆರಳು ಆಡಿಸಿದರು.

“ಎಷ್ಟು ಜಾಗ ಬೇಕು?” ಎಂದು ಕೇಳಿದರು. ಈ ಸಲ ನನ್ನನ್ನಲ್ಲ.

“ಒಂದು ದಪ್ಪ ರಟ್ಟು ತುದಿಯಿಂದ ಬುಡದವರೆಗೆ ತಡೆಯಿಲ್ಲದೆ ಓಡಾಡ್ಬೇಕು.”

“ಅಷ್ಟು ಸಂದು ಬಿಟ್ರೆ ಕೆಲಸ ಕಲೀದೋನು ಮಾಡಿದ ಹಾಗೆ ಕಾಣುತ್ತೆ.”

“ಕಾಣುತ್ತೆ,” ಅಂದರು ಚೀಟಿಯಮ್ಮ. ಸಮಾಧಾನದ ಮಾತೇನೂ ಸೇರಿಸಲಿಲ್ಲ.

ಬಡಗಿ ಅಲ್ಲೇ ನೆಲದ ಮೇಲೆ ಕೂತು, ಎರಡು ತಿಂಗಳು ಕೂದಲೆಳೆಯ ಲೆಕ್ಕದಲ್ಲಿ ಕೆತ್ತಿದ್ದ ಕಾಲುವೆಯನ್ನು ದುಂಡು ಉಳಿಯಿಂದ ಹೆರೆದು ಅಗಲ ಮಾಡಿದರು. ನನಗೆ ನೋಡಲಾಗಲಿಲ್ಲ, ಎದ್ದು ಬಂದುಬಿಟ್ಟೆ. ಒದ್ದೆಯಾದರೂ ಮರ ಉಬ್ಬಬಾರದೆಂದು ಒಳಮೈಗೆ ಮೂರು ಸಲ ಎಣ್ಣೆ ಕುಡಿಸಿದರಂತೆ. ಶನಿವಾರ ಮಧ್ಯಾಹ್ನ ಅದೇ ರೈಫಲ್, ಇಪ್ಪತ್ತು ಗುಂಡು, ಇಕ್ಕಳದಲ್ಲಿ. ಆಮೇಲೆ ಇಪ್ಪತ್ತು ಗುಂಡು, ಚೀಟಿಯಮ್ಮನ ಹೆಗಲಿನಲ್ಲಿ. ಎರಡು ಕಾಗದಕ್ಕೂ ಒಂದೊಂದು ನಾಣ್ಯ ಸಾಕಾಯಿತು. ಪೆನ್ಸಿಲ್ ಅವುಗಳನ್ನು ನೋಡಿ ಲೆಕ್ಕದ ಹಾಳೆಗಳನ್ನು ಮತ್ತೆ ಬಿಡಿಸಿ, ಮರ ಒದ್ದೆಯಾಗುತ್ತದೆ ಎಂಬುದನ್ನೇ ತಾವು ಲೆಕ್ಕಕ್ಕೆ ಹಿಡಿದಿರಲಿಲ್ಲ ಎಂದು ಎಲ್ಲರ ಎದುರಿಗೆ ಒಪ್ಪಿಕೊಂಡರು. ಭಾನುವಾರ ರಜೆಯಲ್ಲೂ ಬಂದು ಬಡಗಿ ಉಳಿದ ಒಂಬತ್ತನ್ನೂ ಹೆರೆದರು.

ಕಾವಲುಗಾರರ ಮುಖ್ಯಸ್ಥರು ಬಂದದ್ದು ಬುಧವಾರ. ಅರವತ್ತರ ಹತ್ತಿರದ ಮನುಷ್ಯ, ದೊಡ್ಡ ಕೈ, ಬಗ್ಗದ ಎಡಮಂಡಿ. ರೈಫಲ್ ಎತ್ತಿ ನೋಡಿದರು, ಬೋಲ್ಟ್ ಎಳೆದರು, ತಲೆಯಾಡಿಸಿದರು. ಬೋಲ್ಟಿನ ಗುಂಡಿಯನ್ನು ಅಷ್ಟರಲ್ಲಿ ದೊಡ್ಡದು ಮಾಡಲಾಗಿತ್ತು. ಆಮೇಲೆ ನಳಿಗೆಯ ಪಕ್ಕದ ಸಂದನ್ನು ಕಂಡರು. ಉಗುರು ತೂರಿಸಿ ನೋಡಿದರು.

“ಇದೇನ್ರೀ, ಇಷ್ಟು ಸಡಿಲ? ಇದನ್ನ ಕೂರಿಸಿದೋರು ಯಾರು?”

ಸಾಹೇಬರು ಬಾಯಿ ತೆರೆಯುವ ಮೊದಲೇ ಬಡಗಿ, “ನಾನು,” ಅಂದರು.

“ಎಷ್ಟು ವರ್ಷ ಆಯ್ತು ಕೆಲಸಕ್ಕೆ ಸೇರಿ?”

“ಇಪ್ಪತ್ತೇಳು.”

ಮುಖ್ಯಸ್ಥರು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಬಡಗಿ ಆ ನೋಟವನ್ನು ಹೊಟ್ಟೆಗೆ ಹಾಕಿಕೊಂಡು ನಿಂತರು. ಸಂದು ಯಾಕಿದೆ ಎಂದು ಒಂದು ಮಾತಿನಲ್ಲಿ ಹೇಳಬಹುದಿತ್ತು. ಹೇಳಲಿಲ್ಲ.

“ಇದರೊಳಗೆ ಮಳೆನೀರು ಹೋಗಲ್ವಾ?” ಎಂದು ಮುಖ್ಯಸ್ಥರು ಸಾಹೇಬರ ಕಡೆ ತಿರುಗಿದರು.

“ಹೋಗುತ್ತೆ ಸಾರ್,” ಅಂದರು ಚೀಟಿಯಮ್ಮ ಹಿಂದಿನಿಂದ. “ಹೋದ ಹಾಗೇ ಹೊರಗೂ ಬರುತ್ತೆ. ಬಿಗಿಯಾಗಿದ್ರೆ ಬರಲ್ಲ. ನಾನು ಹೇಳೋದು ಬೇಡ, ನೀವೇ ಹೊಡೆದು ನೋಡಿ. ಐದಲ್ಲ, ಇಪ್ಪತ್ತು.”

ಒಂದು ಬಕೆಟ್ ನೀರು ತರಿಸಿ ಅವರೆದುರಿಗೇ ರೈಫಲ್ಲಿನ ಮೇಲೆ ಸುರಿದರು. ನಳಿಗೆಯೊಳಗಿನ ನೀರನ್ನು ಮಾತ್ರ ಕೋಲುಬಟ್ಟೆಯಿಂದ ಒರೆಸಿ ಕೈಗೆ ಕೊಟ್ಟರು. ಮುಖ್ಯಸ್ಥರು ಸ್ಟೂಲಿನ ಮೇಲೆ ಬಗ್ಗದ ಮಂಡಿಯನ್ನು ಪಕ್ಕಕ್ಕೆ ಚಾಚಿ ಕೂತು ಹಾರಿಸಿದರು. ಒಳ್ಳೆಯ ಕೈ. ಒಮ್ಮೆಯೂ ಬೋಲ್ಟ್ ಸಿಕ್ಕಿಕೊಳ್ಳಲಿಲ್ಲ. ಕಾಗದ ತಂದಾಗ ಇಪ್ಪತ್ತು ತೂತು ಒಂದು ಅಂಗೈಯೊಳಗೆ ಇದ್ದವು, ಎಡಕ್ಕೂ ಹೋಗಿರಲಿಲ್ಲ, ಮೇಲಕ್ಕೂ ಹೋಗಿರಲಿಲ್ಲ. ಅವರು ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡರು.

“ಇಷ್ಟು ವರ್ಷ ಮಳೇಲಿ ಗುರಿ ತಪ್ಪಿದ್ರೆ ನಮ್ಮ ಹುಡುಗರನ್ನ ಬೈತಿದ್ದೆ,” ಅಂದರು. ಹೊರಡುವಾಗ ಬಡಗಿಯ ಮುಂದೆ ನಿಂತು ಕೈ ಕುಲುಕಿ ಹೋದರು.

ಬೇಡಿಕೆ ಬಂತು. ಪರೀಕ್ಷೆಯ ನಿಯಮದಲ್ಲಿ, ನೂರಕ್ಕೆ ಒಂದು ರೈಫಲ್ಲಿಗೆ ಇಪ್ಪತ್ತು ಗುಂಡು, ಅದೂ ಒದ್ದೆಮಾಡಿ, ಎಂಬ ಸಾಲು ಸೇರಿತು. ಬಡಗಿ ಕಟ್ಟಿದ ಇಕ್ಕಳ ಸುರಂಗದಲ್ಲೇ ಉಳಿಯಿತು. ಹೊಸ ನಕ್ಷೆ ಅಚ್ಚಾದಾಗ ನಳಿಗೆಯ ಪಕ್ಕದ ಸಂದು ಮಿಲಿಮೀಟರಿನ ಲೆಕ್ಕದಲ್ಲಿ ಅದರಲ್ಲಿ ಇತ್ತು, ‘ಎರಡನೆಯ ತಿದ್ದುಪಡಿ’ ಎಂಬ ತಲೆಬರಹ, ಕೆಳಗೆ ಪೆನ್ಸಿಲ್ಲಿನ ಸಹಿ. ಅವರು ಒಳ್ಳೆಯವರು, ಸಂಕೋಚಪಟ್ಟು ನಕ್ಷೆ ಹಿಡಿದು ಬಡಗಿಯ ಮನೆಗೇ ಬಂದರು. ನಿಯಮದ ಪ್ರಕಾರ ಎಂಜಿನಿಯರ್ ಹೆಸರು ಮಾತ್ರ ಹಾಕಬಹುದು, ಬೇರೆ ಕಾಗದದಲ್ಲಿ ನಿಮ್ಮಿಬ್ಬರ ಹೆಸರು ಬರೆದು ಸಾಹೇಬರ ಸಹಿ ತರುತ್ತೇನೆ ಅಂದರು.

“ಅವಳದ್ದು ಹಾಕಿ,” ಅಂದರು ಬಡಗಿ. “ಸಂದಿಗೆ ನನ್ನ ಹೆಸರು ಯಾಕೆ?”

ಅತ್ತೆ ಒಳಗಿನಿಂದಲೇ, “ಅವನದ್ದೂ ಹಾಕಿ ಅಂತ ಹೇಳ್ತಿದ್ದಾನಪ್ಪಾ, ಇಷ್ಟು ನಾನು ಸೇರಿಸಿದ್ದು,” ಎಂದು ಕೂಗಿದರು. ಆ ಕಾಗದ ಆಯಿತೋ ಇಲ್ಲವೋ ನನಗೆ ತಿಳಿಯದು.

ಆರುನೂರು ರೈಫಲ್ಲುಗಳೂ ಹದಿನಾಲ್ಕು ತಿಂಗಳಲ್ಲಿ ನನ್ನ ಮೇಜು ಹಾದುಹೋದವು. ಹನ್ನೊಂದು ವಾಪಸಾದವು, ಯಾವುದೂ ಮರದ ಕಾರಣಕ್ಕಲ್ಲ. ಬಡಗಿ ಆ ಆರುನೂರಕ್ಕೂ ಸಂದು ಬಿಟ್ಟೇ ಕೂರಿಸಿದರು, ಆದರೆ ಒಂದು ದಿನವೂ ಅದನ್ನು ಮೆಚ್ಚಿಕೊಳ್ಳಲಿಲ್ಲ. ಸಂಜೆಗಳಲ್ಲಿ ಮನೆಯಲ್ಲಿ ಕುರ್ಚಿ ಮಾಡುವ ಅಭ್ಯಾಸ ಹಚ್ಚಿಕೊಂಡರು, ಒಂದು ಮೊಳೆಯಿಲ್ಲ, ಎಲ್ಲ ಬಿಗಿಯಾದ ಕೂಡುಗಳು. ಎರಡು ಕೋಣೆಯ ಮನೆಯಲ್ಲಿ ಈಗ ಒಂಬತ್ತು ಕುರ್ಚಿಗಳಿವೆ. ಚೀಟಿಯಮ್ಮ ಐವತ್ತೈದನೆಯ ವಯಸ್ಸಿನಲ್ಲಿ, ಒಂದು ಸಲ ಅಜ್ಜನಿಂದ ಹಾರಿಸಿದ ಇಪ್ಪತ್ತರಲ್ಲಿ ಎರಡು ಗುಂಡು ನಾಣ್ಯದ ಹೊರಗೆ ಬಿದ್ದಾಗ, ಮಧ್ಯಾಹ್ನವೇ ಸಾಹೇಬರ ಕೋಣೆಗೆ ಹೋಗಿ ಹೇಳಿ, ತಿಂಗಳ ಕೊನೆಗೆ ಕೆಲಸ ಬಿಟ್ಟರು. ಈಗ ಬೆಳಿಗ್ಗೆ ಎದ್ದ ತಕ್ಷಣ ಎರಡು ಲೋಟ ಟೀ ಕುಡಿಯುತ್ತಾರೆ.